ದೇಣಿಗೆಯ ಹೆಸರಿನ ವರ್ಗಾವಣೆ ಶುಲ್ಕ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಗೃಹನಿರ್ಮಾಣ ಸಹಕಾರ ಸಂಘವೊಂದರ ಸದಸ್ಯನಾಗಿದ್ದ ನಾನು ಕಳೆದ ಮಳೆಗಾಲದಲ್ಲಿ ಮನೆ ಮಾರಲು ಹೊರಟಾಗ, ನಿರಾಕ್ಷೇಪಣಾ ಪತ್ರ ಕೊಡಲು ಸಂಘದವರು ಮಾರಾಟ ಬೆಲೆಯ ಶೇ 2ರಷ್ಟು ಹಣ ಕೇಳಿದರು. ಕೊಳ್ಳುವವರ ಬ್ಯಾಂಕ್ ಸಾಲ ಆ ಒಂದು ಹಾಳೆಗಾಗಿಯೇ ನಿಂತಿದ್ದರಿಂದ ಕೊಡದೆ ವಿಧಿಯಿರಲಿಲ್ಲ. ರಸೀದಿಯಲ್ಲಿ ಮಾತ್ರ ‘ಕಟ್ಟಡ ನಿಧಿಗೆ ಸ್ವಇಚ್ಛೆಯ ದೇಣಿಗೆ’ ಎಂದಿತ್ತು. ಇಚ್ಛೆ ಯಾರದೆಂದು ಬರೆದಿರಲಿಲ್ಲ.

ಮಹಾರಾಷ್ಟ್ರ ಸರ್ಕಾರವು 2001ರ ಆದೇಶದಲ್ಲಿಯೇ ಮಹಾನಗರ ಪಾಲಿಕೆ ವ್ಯಾಪ್ತಿಯ ಗೃಹ ಸಂಘಗಳು ಮನೆ ಕೈಬದಲಾಗುವಾಗ ಸದಸ್ಯರಿಂದ ಪಡೆಯುವ ಶುಲ್ಕಕ್ಕೆ, ಅಂದರೆ ವರ್ಗಾವಣೆ ಪ್ರೀಮಿಯಂಗೆ, 25,000 ರೂಪಾಯಿಯ ಮಿತಿ ಹಾಕಿದ್ದು, ದೇಣಿಗೆಯೆಂದು ಹೆಸರಿಟ್ಟರೂ ಹೆಚ್ಚು ಪಡೆಯುವಂತಿಲ್ಲ. ಆ ಮಿತಿಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ನಮ್ಮ ಸಹಕಾರ ಇಲಾಖೆಯೂ ಗರಿಷ್ಠ ಮೊತ್ತವನ್ನು ರೂಪಾಯಿ ಲೆಕ್ಕದಲ್ಲಿ ಸ್ಪಷ್ಟಪಡಿಸಿ, ಪ್ರತಿ ಸಂಘದ ಸೂಚನಾ ಫಲಕದಲ್ಲಿ ಹಾಕಿಸಬೇಕು.

ಮನೆ ಮಾರಿದ ಸದಸ್ಯ, ಶಿವಮೊಗ್ಗ