ಜನವರಿ 26ಕ್ಕೆ ಕೇಕ್ ಕತ್ತರಿಸೋಕೆ ಬರೋ ನಮ್ಮ ಎಂಪಿ ಸಾಹೇಬ್ರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ಇವ್ನು ಯಾಕೆ ಕನ್ನಡದಲ್ಲಿ ಬರೀತಿದಾನೆ ಅಂತ ನಿಮ್ಮ ಆಫೀಸಿನವರಿಗೆ ಅನ್ನಿಸಬಹುದು. ಇಂಗ್ಲಿಷಲ್ಲಿ ಬರೆದೂ ಬರೆದೂ ಸಾಕಾಗಿದೆ ಸಾರ್. ಪ್ರತಿ ಸಲ ಅದೇ ನಾಲ್ಕು ಸಾಲು ಬರುತ್ತೆ, ಸಂಪರ್ಕಿಸಿದ್ದಕ್ಕೆ ಧನ್ಯವಾದ, ಆಸ್ಟ್ರೇಲಿಯಾ ಡೇ, ಅಂದ್ರೆ ಜನವರಿ 26ರ ಇಲ್ಲಿನ ರಾಷ್ಟ್ರೀಯ ಹಬ್ಬದ ದಿನಾಂಕ ಬದಲಾಯಿಸೋ ಯೋಚನೆ ಇಲ್ಲ ಅಂತ, ಕೆಳಗೆ ಪ್ರಿಂಟ್ ಹಾಕಿದ ಸಹಿ. ಎಲೆಕ್ಷನ್ ಟೈಮಲ್ಲಿ ನಮ್ಮ ಮನೆ ಲೆಟರ್‌ಬಾಕ್ಸಿಗೆ ಕನ್ನಡ ಪ್ಯಾಂಪ್ಲೆಟ್ ಹಾಕಿಸೋಕೆ ಜನ ಸಿಗ್ತಾರಲ್ವಾ, ಅವ್ರ ಹತ್ರಾನೇ ಇದನ್ನ ಓದಿಸ್ಕೊಳ್ಳಿ. ಆಮೇಲೆ ನಮ್ಮವರೂ ಓದ್ಲಿ ಅಂತಾನೂ ಕನ್ನಡ, ಯಾಕಂದ್ರೆ ಆ ದಿನ ನಿಮಗೆ ಸ್ಟೇಜ್ ಹಾಕಿ ಶಾಲು ಹೊದಿಸೋರು ನಾವೇ.

ಕೇಳ್ತಿರೋದು ಒಂದೇ. ಆಸ್ಟ್ರೇಲಿಯಾ ಡೇನ ಜನವರಿ 26ರಿಂದ ತೆಗೀರಿ. ಯಾವ ದಿನಕ್ಕೆ ಇಡಬೇಕು ಅಂತ ಆಮೇಲೆ ಕೂತು ಮಾತಾಡೋಣ, ಮೊದಲು ಅಲ್ಲಿಂದ ತೆಗೀರಿ, ಕ್ಯಾನ್‌ಬೆರಾದ ಪಾರ್ಲಿಮೆಂಟಲ್ಲಿ ಎದ್ದು ನಿಂತು ಹಾಗಂತ ಹೇಳಿ.

ಇತಿಹಾಸ ನಿಮಗೆ ನಾನು ಹೇಳ್ಕೊಡಬೇಕಾಗಿಲ್ಲ. 1788ರ ಜನವರಿ 26ಕ್ಕೆ ಬ್ರಿಟಿಷ್ ಕ್ಯಾಪ್ಟನ್ ಆರ್ಥರ್ ಫಿಲಿಪ್ 11 ಹಡಗು ತಂದು ಸಿಡ್ನಿಯ ಗ್ಯಾಡಿಗಲ್ ಅನ್ನೋ ಮೂಲನಿವಾಸಿಗಳ ನೆಲದಲ್ಲಿ ಬಾವುಟ ನೆಟ್ಟ. ಮರುವರ್ಷಾನೇ ಸಿಡುಬು ಬಂದು ಸುತ್ತಮುತ್ತಲ ಮೂಲನಿವಾಸಿಗಳು ಹುಳದ ಹಾಗೆ ಸತ್ರು. ಸರಿಯಾಗಿ 50 ವರ್ಷ ಆದ್ಮೇಲೆ, 1838ರ ಅದೇ ಜನವರಿ 26ಕ್ಕೆ, ವಾಟರ್‌ಲೂ ಕ್ರೀಕ್‌ನಲ್ಲಿ ಕುದುರೆ ಪೊಲೀಸರು ಗಮಿಲರಾಯ್ ಜನರ ಮೇಲೆ ಗುಂಡು ಹಾರಿಸಿದ್ರು. ನಾವಿರೋದು ಮೆಲ್ಬರ್ನಲ್ಲಿ, 1788ರಲ್ಲಿ ಇಲ್ಲಿ ಒಬ್ಬ ಬ್ರಿಟಿಷ್‌ನವನೂ ಕಾಲಿಟ್ಟಿರಲಿಲ್ಲ, ವಸಾಹತು ಶುರುವಾಗಿದ್ದೇ 1835ಕ್ಕೆ. ಆಸ್ಟ್ರೇಲಿಯಾ ಅನ್ನೋ ಒಕ್ಕೂಟ ಹುಟ್ಟಿದ್ದು 1901ರ ಜನವರಿ 1ಕ್ಕೆ. ಹಾಗಿದ್ರೆ 26ಕ್ಕೆ ನಾವು ಏನು ಹಬ್ಬ ಮಾಡ್ತಿದೀವಿ? ಇನ್ನೊಬ್ರ ಮನೆಗೆ ನುಗ್ಗಿದ ದಿನ, ಅಷ್ಟೇ.

ಈಗ ಆ ಪ್ರೋಗ್ರಾಮ್ ವಿಷ್ಯಕ್ಕೆ ಬರ್ತೀನಿ. ನಿಮಗೆ ನೆನಪಿರಲಿಕ್ಕಿಲ್ಲ. ನಮ್ಮ ಸಬರ್ಬಿನ ಒಂದು ಸಂಘದವರು ರಿಪಬ್ಲಿಕ್ ಡೇ ಮತ್ತು ಆಸ್ಟ್ರೇಲಿಯಾ ಡೇ ಜಂಟಿ ಸಂಭ್ರಮ ಅಂತ ಕಮ್ಯುನಿಟಿ ಹಾಲಲ್ಲಿ ಇಟ್ಕೊಂಡಿದ್ರು. ಗ್ರಾಂಟ್ ದುಡ್ಡು ಬಂದಿತ್ತು, ಗ್ರಾಂಟ್ ಅಂದ್ಮೇಲೆ ವೆಲ್ಕಮ್ ಟು ಕಂಟ್ರಿ, ಅಂದ್ರೆ ಆ ನೆಲದ ಮೂಲನಿವಾಸಿ ಹಿರಿಯರಿಂದ ಸ್ವಾಗತ, ಮಾಡಿಸಿದ್ರೆ ರಿಪೋರ್ಟಲ್ಲಿ ಚೆನ್ನಾಗಿ ಕಾಣುತ್ತೆ ಅಂತ ಯಾರೋ ಅಂದ್ರು, ಆ ಕೆಲ್ಸ ನನ್ನ ತಲೆಗೆ ಬಿತ್ತು. ಈ ನೆಲದ ಒಡೆಯರಾದ ವುರುಂಡ್ಜೆರಿ ಜನರಲ್ಲಿ ಹಿರಿಯರೊಬ್ರಿಗೆ ಫೋನ್ ಮಾಡ್ದೆ. ಜನವರಿ 26 ಅಂದ ತಕ್ಷಣ "ಬೇರೆ ದಿನ ಇಡೋಕಾಗಲ್ವಾ" ಅಂದ್ರು. ಇಲ್ಲ ಆಂಟಿ, ಹಾಲ್ ಬುಕ್ ಆಗೋಗಿದೆ, ಎಂಪಿ ಬರ್ತಿದಾರೆ ಅಂದೆ. "ಸರಿ ಬರ್ತೀನಿ, ಆದ್ರೆ ನನಗೆ ಹೇಳಬೇಕು ಅನ್ಸಿದ್ದು ಹೇಳ್ತೀನಿ" ಅಂದ್ರು. ನಾನು ನಮ್ಮ ಕಮಿಟಿಯವರಿಗೂ ಅದನ್ನ ತಿಳಿಸಿದ್ದೆ, ಎಲ್ರೂ ಓಕೆ ಓಕೆ ಅಂತ ತಂಬ್ಸಪ್ ಹಾಕಿದ್ರು.

ಎಪ್ಪತ್ತು ದಾಟಿದ ಹೆಂಗಸು, ಮಂಡಿನೋವು ಬೇರೆ. ಆ ಸುಡುಬಿಸಿಲಲ್ಲಿ ಪಾಸಮ್ ಅನ್ನೋ ಪ್ರಾಣಿಯ ತೊಗಲಿನ ಹೊದಿಕೆ ಹೊದ್ಕೊಂಡು ಬಂದಿದ್ರು, ಹಾಲಿನ ಏಸಿ ಕೆಟ್ಟಿತ್ತು. ಸ್ಟೇಜ್ ಮೇಲೆ ಎರಡು ಬಾವುಟ, ಆಸ್ಟ್ರೇಲಿಯಾ ಮ್ಯಾಪ್ ಆಕಾರದ ಕೇಕು, ಅದ್ರ ಮೇಲೆ ಕೇಸರಿ ಬಿಳಿ ಹಸಿರು ಐಸಿಂಗು. ಅವ್ರು ತಮ್ಮ ಭಾಷೇಲಿ ಎರಡು ಮಾತಾಡಿ, ಆಮೇಲೆ ಇಂಗ್ಲಿಷಲ್ಲಿ, ನಿಮಗೆಲ್ಲ ಸ್ವಾಗತ, ನೀವು ದೂರದಿಂದ ಬಂದಿದೀರ, ಆದ್ರೆ ನಮ್ಮ ಮನೆಯಲ್ಲಿ ಇವತ್ತು ಹಬ್ಬ ಇಲ್ಲ, ಸರ್ಕಾರದವರು ನನ್ನ ತಾಯಿನ ಅವರಮ್ಮನ ಕೈಯಿಂದ ಕಿತ್ಕೊಂಡು ಹೋದ್ರು ಅಂತ ಇನ್ನೂ ಹೇಳ್ತಾನೇ ಇದ್ರು, ಮೈಕ್ ಸೌಂಡ್ ಹೋಯ್ತು. ಕರೆಂಟ್ ಹೋಗಿರಲಿಲ್ಲ ಸಾರ್, ಬೇಕಂತಾನೇ ಇಳಿಸಿದ್ದು. ನಿರೂಪಕ ಓಡಿ ಬಂದು "ಮಕ್ಕಳ ಡ್ಯಾನ್ಸ್ ಲೇಟ್ ಆಗ್ತಿದೆ" ಅಂತ ಇನ್ನೊಂದು ಮೈಕಲ್ಲಿ ಕೂಗ್ದ, ದೇಶಭಕ್ತಿ ಹಾಡಿನ ಟ್ರ್ಯಾಕ್ ಶುರುವಾಯ್ತು, ಆ ಅಮ್ಮ ಸ್ಟೇಜಲ್ಲಿ ಇನ್ನೂ ನಿಂತೇ ಇದ್ರು. ನಾನೇ ಹೋಗಿ ಕೈಹಿಡಿದು ಇಳಿಸ್ಕೊಂಡು ಬಂದೆ. ನೀವು ಮುಂದಿನ ಸಾಲಲ್ಲಿ ಕೂತು ಫೋನ್ ನೋಡ್ತಿದ್ರಿ. ಆಮೇಲೆ ಸ್ಟೇಜಿಗೆ ಹೋಗಿ ಎರಡು ಮಹಾನ್ ಪ್ರಜಾಪ್ರಭುತ್ವಗಳು, ಒಂದೇ ಹುಟ್ಟುಹಬ್ಬ ಅಂತ ಭಾಷಣ ಬಿಗಿದ್ರಿ, ಚಪ್ಪಾಳೆ ಗಿಟ್ಟಿಸಿದ್ರಿ, ಕೇಕ್ ಕತ್ತರಿಸಿದ್ರಿ. ಟ್ಯಾಸ್ಮೇನಿಯಾ ತುಂಡು ನಿಮ್ಮ ತಟ್ಟೆಗೆ ಬಿತ್ತು.

ಇದಕ್ಕಿಂತ ಹೇಸಿಗೆ ಏನಂದ್ರೆ ಮರುವಾರ ನಮ್ಮ ಟ್ರೆಶರರ್ ಕೇಳ್ತಾರೆ, ಅವ್ರು ಮಾತಾಡಿದ್ದು ಎರಡೇ ನಿಮಿಷ ಅಲ್ವಾ, ಪೂರ್ತಿ ಪೇಮೆಂಟ್ ಯಾಕೆ ಕೊಡ್ಬೇಕು ಅಂತ. ನಾನು ಗ್ರೂಪಲ್ಲಿ ನಾಲ್ಕು ಮಾತು ಖಾರವಾಗಿ ಬರೆದೆ, ನನ್ನನ್ನೇ ಗ್ರೂಪಿಂದ ತೆಗೆದ್ರು. ಯುಗಾದಿಗೆ ಕರೀಲಿಲ್ಲ, ಗಣೇಶನಿಗೂ ಕರೀಲಿಲ್ಲ, ಕಾರ್‌ಪಾರ್ಕಲ್ಲಿ ಸಿಕ್ಕಿದ್ರೆ ಮುಖ ತಿರುಗಿಸ್ತಾರೆ, ಹೆಂಡ್ತಿಗೆ ಅವಳ ಫ್ರೆಂಡ್ಸ್ "ನಿಮ್ಮ ಯಜಮಾನ್ರಿಗೆ ಯಾಕ್ರೀ ಊರ ಉಸಾಬರಿ, ಬಂದಿರೋದು ದುಡಿಯೋಕೆ, ದುಡೀಲಿ" ಅಂತಾರೆ. ಆಫೀಸಲ್ಲಿ 26ಕ್ಕೆ ರಜೆ ಬೇಡ, ಬೇರೆ ದಿನ ತಗೋತೀನಿ ಅಂದಿದ್ದಕ್ಕೆ ಒಬ್ಬ "ಇಷ್ಟ ಇಲ್ದಿದ್ರೆ ವಾಪಸ್ ಹೋಗು" ಅಂದ. ಇಷ್ಟೆಲ್ಲ ಆಗಿರೋದು ಯಾಕೆ ಸಾರ್, ಒಂದು ದಿನಾಂಕ ಅಲ್ಲಾಡಿಸೋಕೆ ನಿಮಗೆ ಧೈರ್ಯ ಇಲ್ಲ ಅಂತ.

1938ರಲ್ಲೂ ಹೀಗೇ ಆಗಿತ್ತು. 150ನೇ ವರ್ಷದ ಸಂಭ್ರಮ ಅಂತ ಫಿಲಿಪ್ ಇಳಿದ ದೃಶ್ಯನ ಸಿಡ್ನಿಯಲ್ಲಿ ನಾಟಕ ಆಡಿಸಿದ್ರು. ಸಿಡ್ನಿಯ ಮೂಲನಿವಾಸಿಗಳು ನಾವು ಬರಲ್ಲ ಅಂದಿದ್ದಕ್ಕೆ ದೂರದ ಮೆನಿಂಡಿಯಿಂದ ಗಂಡಸರನ್ನ ಕರ್ಕೊಂಡು ಬಂದು ರೆಡ್‌ಫರ್ನ್ ಪೊಲೀಸ್ ಬ್ಯಾರಕ್ಸಲ್ಲಿ ಕೂಡಿಹಾಕಿದ್ರು, ಬರದಿದ್ರೆ ರೇಷನ್ ಕಟ್ ಅಂತ ಹೆದರಿಸಿದ್ರು, ದೋಣಿಯಿಂದ ಬಿಳಿಯರು ಇಳಿದಾಗ ನೀವು ಹೆದರಿ ಓಡಬೇಕು ಅಂತ ಪಾತ್ರ ಕೊಟ್ರು. (ಹಡಗಲ್ಲಿ ಬಂದ ಕೈದಿಗಳ ಪಾತ್ರ ಮಾತ್ರ ನಾಟಕದಲ್ಲಿ ಇರಲೇ ಇಲ್ಲ, ಅದು ಮರ್ಯಾದೆ ಪ್ರಶ್ನೆ ನೋಡಿ.) ಅದೇ ದಿನ ಎಲಿಜಬೆತ್ ಸ್ಟ್ರೀಟಿನ ಆಸ್ಟ್ರೇಲಿಯನ್ ಹಾಲಲ್ಲಿ ಮೂಲನಿವಾಸಿ ನಾಯಕರಾದ ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್, ನಮ್ಮ ಮೆಲ್ಬರ್ನಿಂದ ಹೋದ ವಿಲಿಯಂ ಕೂಪರ್ ಎಲ್ಲ ಸೇರಿ ಇದು ನಮಗೆ ಶೋಕದ ದಿನ ಅಂತ ಸಭೆ ಮಾಡಿ ಸಮಾನ ಪೌರಹಕ್ಕು ಕೇಳಿದ್ರು. ಮೂಲನಿವಾಸಿಗಳು ಬರಬೇಕು, ಕಾಣಿಸ್ಕೋಬೇಕು, ಬಾಯಿ ಬಿಡಬಾರದು. ಅವತ್ತು ಬ್ಯಾರಕ್ಸು, ಇವತ್ತು ಮೈಕ್ ವಾಲ್ಯೂಮು. 1972ರಲ್ಲಿ ಕ್ಯಾನ್‌ಬೆರಾದ ಪಾರ್ಲಿಮೆಂಟ್ ಎದುರು ಬೀಚ್ ಛತ್ರಿ ನೆಟ್ಟು ನಾಲ್ಕು ಮೂಲನಿವಾಸಿ ಹುಡುಗ್ರು ಟೆಂಟ್ ಎಂಬೆಸಿ ಅನ್ನೋ ಪ್ರತಿಭಟನೆ ಶುರು ಮಾಡಿದ್ದೂ ಜನವರಿ 26ಕ್ಕೇ, 1988ರಲ್ಲಿ ಸಿಡ್ನಿ ಬೀದಿ ತುಂಬಾ ಹತ್ತಾರು ಸಾವಿರ ಜನ ಪ್ರತಿಭಟಿಸಿ ನಡೆದಿದ್ದೂ ಅದೇ ದಿನ. 2009ರಲ್ಲಿ ಸರ್ಕಾರಾನೇ ಆಸ್ಟ್ರೇಲಿಯನ್ ಆಫ್ ದಿ ಇಯರ್ ಅಂತ ಆರಿಸಿದ ಮೂಲನಿವಾಸಿ ನಾಯಕ ಮಿಕ್ ಡಾಡ್ಸನ್ ದಿನಾಂಕದ ಬಗ್ಗೆ ಮಾತಾಡೋಣ ಅಂದ್ರೆ ಪ್ರಧಾನಿ ರಡ್ ಖಡಾಖಂಡಿತವಾಗಿ ಆಗಲ್ಲ ಅಂದ್ರು. ಇನ್ನೆಷ್ಟು ಸಲ ಕೇಳಬೇಕು ಅವ್ರು?

ಈಗ ನಮ್ಮವರಿಗೆ ಒಂದು ಮಾತು, ನೀವೂ ಕೇಳಿಸ್ಕೊಳ್ಳಿ ಸಾರ್. ನಮ್ಮ ದೇಶದಲ್ಲಿ ಜನವರಿ 26 ಯಾಕೆ? 1930ರ ಜನವರಿ 26ಕ್ಕೆ ಬ್ರಿಟಿಷರಿಂದ ಪೂರ್ಣ ಸ್ವರಾಜ್ಯ ತಗೊಂಡೇ ತೀರ್ತೀವಿ ಅಂತ ದೇಶ ಶಪಥ ಮಾಡಿತ್ತು, ಆ ನೆನಪಿಗೇ 1950ರಲ್ಲಿ ಸಂವಿಧಾನಕ್ಕೆ ಅದೇ ದಿನ ಆರಿಸಿದ್ರು. ಅಲ್ಲಿ ಬ್ರಿಟಿಷರು ಹೋಗ್ಲಿ ಅಂದ ದಿನ, ಇಲ್ಲಿ ಬ್ರಿಟಿಷರು ಇಳಿದ ದಿನ, ಎರಡಕ್ಕೂ ಸೇರಿ ಒಂದೇ ಕೇಕು! ಇನ್ನೊಂದು, ನಾನು ಖಾನಾಪುರ ತಾಲೂಕಿನವನು. ಸಂಗೊಳ್ಳಿ ರಾಯಣ್ಣನ್ನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ಕ್ಕೆ, ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಅದಕ್ಕೆ 29 ವರ್ಷ ಮುಂಚೆ ಸಿಡ್ನಿ ಸುತ್ತ ಹನ್ನೆರಡು ವರ್ಷ ಬ್ರಿಟಿಷರ ನಿದ್ದೆಗೆಡಿಸಿದ್ದ ಪೆಮುಲ್ವುಯ್ ಅನ್ನೋ ಮೂಲನಿವಾಸಿ ವೀರನನ್ನ ಕೊಂದು, ತಲೆ ಕತ್ತರಿಸಿ ಇಂಗ್ಲೆಂಡಿಗೆ ಕಳಿಸಿದ್ರು. ರಾಯಣ್ಣನ ಗಲ್ಲಿನ ದಿನಾನ ಕಂಪನಿ ಸರ್ಕಾರ ರಾಷ್ಟ್ರೀಯ ಹಬ್ಬ ಅಂತ ಮಾಡಿ, ನಂದಗಡದವರನ್ನೇ ಕರೆದು ಎರಡು ನಿಮಿಷ ಆಶೀರ್ವಾದ ಮಾಡ್ರಪ್ಪ, ಗಲ್ಲಿನ ಸುದ್ದಿ ಮಾತ್ರ ಎತ್ತಬೇಡಿ ಅಂದಿದ್ರೆ ನಾವು ಸುಮ್ನಿರ್ತಿದ್ವಾ? ಇಲ್ಲಿ ಬಂದು ಅದನ್ನೇ ನಾವು ಇನ್ನೊಬ್ರಿಗೆ ಮಾಡ್ತಿದೀವಿ, ಸಮೋಸ ತಿಂದ್ಕೊಂಡು.

ನಿಮ್ಮ ನೆಪಗಳೂ ಗೊತ್ತು. 2023ರ ವಾಯ್ಸ್ ರೆಫರೆಂಡಮ್ಮಲ್ಲಿ, ಅಂದ್ರೆ ಪಾರ್ಲಿಮೆಂಟಿಗೆ ಸಲಹೆ ಕೊಡೋ ಮೂಲನಿವಾಸಿಗಳ ಮಂಡಳಿ ಬೇಕಾ ಅಂತ ಕೇಳಿದ ಜನಮತದಲ್ಲಿ, ಜನ ಬೇಡ ಅಂದ್ರು ಅಂತೀರಿ. ಅಲ್ಲಿ ಈ ದಿನಾಂಕದ ಪ್ರಶ್ನೆ ಎಲ್ಲಿತ್ತು? ದಿನಾಂಕಕ್ಕೆ ರೆಫರೆಂಡಮ್ಮೂ ಬೇಕಾಗಿಲ್ಲ, ಸಂವಿಧಾನಾನೂ ಮುಟ್ಟಬೇಕಾಗಿಲ್ಲ. ರಜೆ ಘೋಷಿಸೋದು ರಾಜ್ಯಗಳು ಅಂತೀರಿ. ಆ ರಾಜ್ಯಗಳೆಲ್ಲ ಒಪ್ಪಿ 26ಕ್ಕೇ ರಜೆ ಅಂತ ಗಟ್ಟಿ ಮಾಡಿದ್ದು 1994ಕ್ಕೆ, ಅದಕ್ಕೂ ಮುಂಚೆ ರಜೆ ಸೋಮವಾರಕ್ಕೆ ಜರುಗ್ತಾ ಇತ್ತು, ಆಕಾಶ ಏನು ಕಳಚಿ ಬಿದ್ದಿರಲಿಲ್ಲ. ಕೇಂದ್ರಕ್ಕೆ ಅಧಿಕಾರ ಇಲ್ಲ ಅನ್ನೋರು 2017ರಲ್ಲಿ ನಮ್ಮ ಮೆಲ್ಬರ್ನಿನ ಯಾರಾ, ಡೇರ್‌ಬಿನ್ ಅನ್ನೋ ಸ್ಥಳೀಯ ಕೌನ್ಸಿಲ್‌ಗಳು 26ಕ್ಕೆ ಸಿಟಿಜನ್‌ಶಿಪ್ ಸಮಾರಂಭ ಮಾಡಲ್ಲ ಅಂದಾಗ ಅವ್ರ ಹಕ್ಕನ್ನೇ ಕಿತ್ಕೊಂಡ್ರಲ್ಲ, ಆಗ ಅಧಿಕಾರ ಎಲ್ಲಿಂದ ಬಂತು? 2022ರ ಕೊನೇಲಿ ಮೂರು ದಿನ ಆಚೀಚೆ ಮಾಡ್ಕೊಳ್ಳಿ ಅಂತ ಸಡಿಲ ಮಾಡಿದ್ರು, ಸಂತೋಷ. ಸಮಾರಂಭ ಜರುಗಿಸಬಹುದು ಅಂದ್ರೆ ಹಬ್ಬಾನೂ ಜರುಗಿಸಬಹುದು. ಜರುಗಿಸಿ.

ಮುಂದಿನ ಜನವರಿಗೆ ನಿಮ್ಮ ಡೇಟ್ ತಗೊಳ್ಳೋಕೆ ಆ ಸಂಘದವರು ಈಗ್ಲೇ ಓಡಾಡ್ತಿದಾರಂತೆ. 26ಕ್ಕೆ ಬರಲ್ಲ ಅನ್ನಿ. ಅವತ್ತು ಬೆಳಗ್ಗೆ ಸಿಟಿಯ ಕಿಂಗ್ಸ್ ಡೊಮೇನಲ್ಲಿ, 1985ರಲ್ಲಿ 38 ಮೂಲನಿವಾಸಿಗಳ ಅಸ್ಥಿ ತಂದು ಮಣ್ಣು ಮಾಡಿದ ಜಾಗದ ಹತ್ರ ಹೋಗಿ ನಿಂತ್ಕೊಳ್ಳಿ, ಭಾಷಣ ಮಾಡ್ಬೇಡಿ, ಕೇಳಿಸ್ಕೊಳ್ಳಿ. ಆಮೇಲೆ ಪಾರ್ಲಿಮೆಂಟ್ ಶುರುವಾದಾಗ ಎದ್ದು ಹೇಳಿ, ಈ ದಿನ ಬದಲಾಯಿಸಿ ಅಂತ. ಆಗಲ್ಲ ಅಂದ್ರೆ ಆಗಲ್ಲ ಅಂತ ನಿಮ್ಮ ಕೈಯಾರೆ ಬರೆದು, ಯಾಕೆ ಆಗಲ್ಲ ಅನ್ನೋದನ್ನೂ ಬರೆದು ಕಳಿಸಿ. ಏನು ಬಂದ್ರೂ ಇಲ್ಲೇ ಹಾಕ್ತೀನಿ, ಬರದಿದ್ರೆ ಬರಲಿಲ್ಲ ಅಂತಾನೂ ಹಾಕ್ತೀನಿ, ಮುಂದಿನ ಎಲೆಕ್ಷನ್ನಲ್ಲಿ ನಿಮ್ಮ ಎದುರು ನಿಲ್ಲೋ ಪ್ರತಿಯೊಬ್ರಿಗೂ ಇದೇ ಪ್ರಶ್ನೆ ಕಳಿಸ್ತೀನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಮೆಲ್ಬರ್ನ್