ಕಾರಿಗೆ ಮುನ್ನ ಅರ್ತಿಂಗ್ ನೋಡಿ

ಮಾನ್ಯ ಸಂಪಾದಕರೇ,

ಎಲೆಕ್ಟ್ರಿಕ್ ಕಾರು ಕೊಳ್ಳಲು ಹಿಂಜರಿಯುವವರಿಗೆ ಧೈರ್ಯ ಬರುವುದು ಜಾಹೀರಾತಿನಿಂದಲ್ಲ, ಈಗಾಗಲೇ ಓಡಿಸುತ್ತಿರುವವರ ಮಾತಿನಿಂದ. ಆದ್ದರಿಂದಲೇ ಅವರ ಸಲಹೆ ಸರಿಯಾಗಿರಬೇಕು. ಮನೆಯಲ್ಲಿ ಕಾರು ಚಾರ್ಜ್ ಮಾಡಲು ‘ಗೀಸರ್ ಪಾಯಿಂಟ್ (ಗೀಸರಿಗೆಂದು ಹಾಕಿದ ಸಾಕೆಟ್) ಸಾಕು’ ಎಂದು ಕೆಲವರು ಹೇಳುವುದು ಅಪಾಯಕಾರಿ. ಗೀಸರ್ ಉರಿಯುವುದು ಹತ್ತಿಪ್ಪತ್ತು ನಿಮಿಷ, 3.3 ಕಿಲೋವಾಟ್ ಚಾರ್ಜರ್ ರಾತ್ರಿಯಿಡೀ 14–15 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಒಂದು ಸ್ಕ್ರೂ ಸಡಿಲವಿದ್ದರೂ ಬಿಸಿ ಏರಿ, ಪಿನ್ನಿನ ಸುತ್ತ ಕಂದು ಕಲೆ ಮೂಡುತ್ತದೆ. ಅದು ಕಂಡ ದಿನವೇ ಬಳಕೆ ನಿಲ್ಲಿಸಿ, ಸಾಕೆಟ್ ಬದಲಿಸಿ.

ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ; ಕಾರು ನಿಲ್ಲಿಸುವ ಬೇಸ್‌ಮೆಂಟ್ ದೂರವಿದ್ದರೆ 6 ಚದರ ಮಿ.ಮೀ. ವೈರ್ ಇರಲಿ. ಜೊತೆಗೆ ಲೋಡ್ ಮಿತಿ ಮೀರಿದರೆ ಕರೆಂಟ್ ಕಡಿಯುವ 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಚಾರ್ಜರಿನಲ್ಲಿ ಕೆಂಪು ದೀಪ ಹೊತ್ತಿದರೆ ಚಾರ್ಜರೇ ಕೆಟ್ಟಿದೆ ಎಂದುಕೊಳ್ಳುವವರು ಬಹಳ. ಎಷ್ಟೋ ಸಲ ದೋಷವಿರುವುದು ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್‌ನಲ್ಲಿ. ಆಗ ಕೆಲವು ಎಲೆಕ್ಟ್ರಿಷಿಯನ್‌ಗಳು ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿಗೂ (ಕರೆಂಟ್ ಮರಳುವ ತಂತಿ) ಅರ್ತಿಗೂ ತುಂಡು ವೈರ್ ಜೋಡಿಸುತ್ತಾರೆ. ದೀಪ ಹಸಿರಾಗುತ್ತದೆ ನಿಜ, ಆದರೆ ಮುಂದೆ ನ್ಯೂಟ್ರಲ್ ಕಡಿದರೆ ಕಾರಿನ ಲೋಹದ ಮೈಗೇ ಕರೆಂಟ್ ಹರಿಯಬಹುದು. ದಯವಿಟ್ಟು ಈ ‘ಉಪಾಯ’ವನ್ನು ಯಾರಿಗೂ ಹೇಳಿಕೊಡಬೇಡಿ, ಅರ್ತಿಂಗ್ ತಂತಿ ನೆಲಕ್ಕಿಳಿಯುವ ಗುಂಡಿಯನ್ನು (ಅರ್ತ್ ಪಿಟ್) ಸರಿಪಡಿಸಿಕೊಳ್ಳಲು ಹೇಳಿ.

– ಎಲೆಕ್ಟ್ರಿಕ್ ಕಾರು ಬಳಕೆದಾರರು, ಬೆಂಗಳೂರು