ವಿನ್ಷ್‌ಗೌ ಕಣಿವೆಯ ಸೈಕಲ್ ಪ್ರವಾಸ: ಹೆದ್ದಾರಿ ಬಿಟ್ಟು ಸೈಕಲ್ ಪಥಕ್ಕೆ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ವಿಷಯ: ಮುಂದಿನ ಋತುವಿನಿಂದ ಪ್ರವಾಸದ ಮಾರ್ಗ, ಸೈಕಲ್ ಮತ್ತು ವಾಹನ ವ್ಯವಸ್ಥೆಯಲ್ಲಿ ಮಾಡಿರುವ ಬದಲಾವಣೆಗಳು.

ಇಟಲಿಯ ದಕ್ಷಿಣ ಟಿರೋಲ್ ಪ್ರಾಂತ್ಯದ ವಿನ್ಷ್‌ಗೌ ಕಣಿವೆಯಲ್ಲಿ ನಾವು ನಡೆಸುವ ರೋಡ್ ಬೈಕ್ ಪ್ರವಾಸಕ್ಕೆ ಹೆಸರು ನೋಂದಾಯಿಸಿರುವವರಿಗೂ, ಈ ಹಿಂದೆ ನಮ್ಮೊಂದಿಗೆ ಬಂದು ಮತ್ತೊಮ್ಮೆ ಬರುವ ಇಚ್ಛೆ ತಿಳಿಸಿರುವವರಿಗೂ ಈ ಪತ್ರವನ್ನು ಬರೆಯುತ್ತಿದ್ದೇವೆ. ಇದುವರೆಗೆ ನಮ್ಮ ತಂಡಗಳು ಮೆರಾನ್ ಪಟ್ಟಣದಿಂದ ಹೊರಟು, ಬಹುಪಾಲು ಸರ್ಕಾರಿ ಹೆದ್ದಾರಿಯಲ್ಲೇ ಸಾಗಿ, ಆಸ್ಟ್ರಿಯದ ಗಡಿಗೆ ಹತ್ತಿರವಿರುವ ರೆಶನ್ ಘಟ್ಟವನ್ನು ಏರುತ್ತಿದ್ದವು. ತಂಡದ ಬೆನ್ನಿಗೇ ಊಟ, ನೀರು ಮತ್ತು ಬಿಡಿಭಾಗಗಳನ್ನು ಹೊತ್ತ ನಮ್ಮ ವ್ಯಾನ್ ಬರುತ್ತಿತ್ತು. ಮುಂದಿನ ಋತುವಿನಿಂದ ಇಡೀ ಪ್ರವಾಸವು ಕಾರು, ಲಾರಿಗಳ ಓಡಾಟವಿಲ್ಲದ ಸೈಕಲ್ ಪಥದಲ್ಲಿ, ರೆಶನ್‌ನಿಂದ ಕೆಳಮುಖವಾಗಿ ಮೆರಾನ್ ಮಾರ್ಗವಾಗಿ ಬೋಲ್ಜಾನೊ ನಗರದವರೆಗೆ ನಡೆಯುತ್ತದೆ. ಸ್ಟೆಲ್ವಿಯೊ ಘಟ್ಟದ ಏರಿಕೆಯೊಂದು ಮಾತ್ರ ಇದಕ್ಕೆ ಅಪವಾದ. ಅದರ ವಿಚಾರ ಮುಂದೆ ಇದೆ.

ಕಾರಣವನ್ನು ಮೊದಲು ತಿಳಿಸಬೇಕು. ಮೆರಾನ್‌ನಿಂದ ಮೇಲಕ್ಕೆ ಈ ಕಣಿವೆಯಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಎಂಬುದು ಇಲ್ಲವಾದ್ದರಿಂದ, ಊರೂರಿನ ಓಡಾಟ, ಘಟ್ಟ ದಾಟಿ ಆಸ್ಟ್ರಿಯಕ್ಕೆ ಹೋಗುವ ಪ್ರವಾಸಿಗರ ಕಾರುಗಳು, ಬೇಸಿಗೆಯಲ್ಲಿ ಗುಂಪುಗುಂಪಾಗಿ ಬರುವ ಮೋಟಾರ್‌ಸೈಕಲ್‌ಗಳು ಎಲ್ಲವೂ 38 ಮತ್ತು 40ನೇ ಸಂಖ್ಯೆಯ ಸರ್ಕಾರಿ ರಸ್ತೆಗಳಲ್ಲೇ ಸಾಗಬೇಕು. ಇಂಥ ರಸ್ತೆಯಲ್ಲಿ ಒಂದು ಡಜನ್ ಸೈಕಲ್‌ಗಳೂ ಅವುಗಳ ಹಿಂದೆ ನಿಧಾನವಾಗಿ ಬರುವ ಒಂದು ವ್ಯಾನೂ ಇದ್ದರೆ ನಮಗೂ ನೆಮ್ಮದಿಯಿಲ್ಲ, ಹಿಂದಿರುವವರಿಗೂ ಇಲ್ಲ. ಇಟಲಿಯ ಸಂಚಾರ ನಿಯಮವೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಊರಿನ ಹೊರಗೆ ಸೈಕಲ್ ಸವಾರರು ಒಬ್ಬರ ಹಿಂದೆ ಒಬ್ಬರಂತೆ ಒಂದೇ ಸಾಲಿನಲ್ಲಿ ಹೋಗಬೇಕು, ಮತ್ತು ಸೈಕಲ್‌ಗೆಂದೇ ಮೀಸಲಾದ ಪಥ ಇರುವಲ್ಲಿ ಅದನ್ನೇ ಬಳಸಬೇಕು. ವಿನ್ಷ್‌ಗೌನಲ್ಲಿ ಅಂಥ ಪಥ ಕಣಿವೆಯ ಉದ್ದಕ್ಕೂ ಇದೆ. ಹೀಗಿರುವಾಗ ವೇಗದ ಆಸೆಗಾಗಿ ಹೆದ್ದಾರಿಯನ್ನೇ ಹಿಡಿದು ಹೋಗುವುದಕ್ಕೆ ಸಮರ್ಥನೆ ಹುಡುಕುವುದು ಸರಿಯಲ್ಲವೆಂದು ನಾವು ತೀರ್ಮಾನಿಸಿದ್ದೇವೆ.

ಈ ಪಥವು ರೋಮನ್ನರ ಕಾಲದ ವಿಯಾ ಕ್ಲಾಡಿಯಾ ಆಗಸ್ಟಾ ಎಂಬ ದಾರಿಯ ಜಾಡನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ಕ್ರಿಸ್ತಪೂರ್ವ 15ರಲ್ಲಿ ಸೇನಾಪತಿ ಡ್ರೂಸಸ್ ಆರಂಭಿಸಿದ ಆ ದಾರಿಯನ್ನು ಕ್ರಿ.ಶ. 46–47ರ ಹೊತ್ತಿಗೆ ಚಕ್ರವರ್ತಿ ಕ್ಲಾಡಿಯಸ್ ಪೂರ್ಣಗೊಳಿಸಿದನು. ಇಂದಿನ ಸವಾರನಿಗೆ ಹೆಚ್ಚು ಉಪಯೋಗದ ಸಂಗತಿಯೆಂದರೆ, ಪಥವು ರೆಶನ್ ಬಳಿಯೇ ಹುಟ್ಟುವ ಆದಿಜೆ ನದಿಯ ಜೊತೆಜೊತೆಗೇ ಇಳಿಯುತ್ತದೆ. ರೆಶನ್ ಘಟ್ಟದ ಎತ್ತರ ಸುಮಾರು 1,504 ಮೀಟರ್, ಗ್ಲುರ್ನ್ಸ್ ಪಟ್ಟಣದ್ದು 907 ಮೀಟರ್, ಮೆರಾನ್‌ನದು ಸುಮಾರು 325 ಮೀಟರ್. ಬೆಂಗಳೂರಿನವರಿಗೆ ಇದನ್ನು ಸುಲಭವಾಗಿ ಹೇಳಬಹುದು: ರೆಶನ್‌ನಿಂದ ಗ್ಲುರ್ನ್ಸ್‌ವರೆಗಿನ ಮೊದಲ ದಿನದ ಇಳಿತವು ಎತ್ತರದ ಲೆಕ್ಕದಲ್ಲಿ ನಂದಿಬೆಟ್ಟದ ನೆತ್ತಿಯಿಂದ ನಗರಕ್ಕೆ ಇಳಿದು ಬಂದಷ್ಟೇ. ವ್ಯತ್ಯಾಸವಿಷ್ಟೇ, ವಾಹನಗಳಿಗೆ ಹೆದರಿ ನಸುಕಿನಲ್ಲೇ ಮುಗಿಸಬೇಕಾದ ಆತುರ ಅಲ್ಲಿಲ್ಲ.

ಮೊದಲ ದಿನದ ಬಗ್ಗೆ ತುಸು ವಿವರವಾಗಿ ಹೇಳುವುದು ಅಗತ್ಯ. ಹಳೆಯ ಗ್ರಾಹಕರು ಕೇಳಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಅದಕ್ಕೇ ಸಂಬಂಧಿಸಿದವು. ರೆಶನ್ ಸರೋವರದ ನೀರಿನಿಂದ ಮೇಲೆದ್ದು ನಿಂತಿರುವ ಗ್ರೌನ್ ಗ್ರಾಮದ ಹದಿನಾಲ್ಕನೆಯ ಶತಮಾನದ ಚರ್ಚ್ ಗೋಪುರವು ಪೂರ್ವದ ದಡದಲ್ಲಿ, ಹೆದ್ದಾರಿಯ ಪಕ್ಕದಲ್ಲೇ ಇದೆ. ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ 1950ರಲ್ಲಿ ನೀರು ತುಂಬಿಸಿದಾಗ ಹಳೆಯ ಗ್ರೌನ್ ಪೂರ್ತಿಯಾಗಿ, ರೆಶನ್ ಗ್ರಾಮ ಭಾಗಶಃ ಮುಳುಗಿದವು; ಉಳಿದದ್ದು ಆ ಗೋಪುರ. ಶರಾವತಿಯ ಹಿನ್ನೀರಿನ ಊರುಗಳಿಂದ ಬಂದ ನಮ್ಮ ಕೆಲವು ಗ್ರಾಹಕರು ಅಲ್ಲಿ ಬಹಳ ಹೊತ್ತು ನಿಂತದ್ದುಂಟು. ಕಣಿವೆಯತ್ತ ಇಳಿಯುವ ಮುಖ್ಯ ಸೈಕಲ್ ಪಥವು ಪಶ್ಚಿಮದ ದಡದಲ್ಲಿ ಸಾಗುವುದರಿಂದ ಅಲ್ಲಿಂದ ಗೋಪುರ ದೂರದ ನೋಟ ಮಾತ್ರವಾಗುತ್ತದೆ. ಆದ್ದರಿಂದ ನೇರವಾಗಿ ಇಳಿಯುವ ಮೊದಲು ಸರೋವರವನ್ನು ಒಂದು ಸುತ್ತು ಹಾಕುತ್ತೇವೆ. ಸುತ್ತಲೂ ದಾರಿಯಿದ್ದು, ಸುಮಾರು ಹದಿನೈದು ಕಿಲೋಮೀಟರಿನ ಈ ಸುತ್ತಿನಲ್ಲಿ ಗೋಪುರದ ಎದುರಿಗೇ ನಿಲ್ಲಬಹುದು. ಮಧ್ಯಾಹ್ನ ಸರೋವರದ ಮೇಲೆ ಗಾಳಿ ಬಲವಾಗಿ ಬೀಸುವುದರಿಂದ ಬೆಳಗ್ಗೆಯೇ ಇದನ್ನು ಮುಗಿಸುತ್ತೇವೆ.

ಸಂತ ವ್ಯಾಲೆಂಟಿನ್ ಗ್ರಾಮದಿಂದ ಬುರ್ಗೈಸ್‌ವರೆಗಿನ ಇಳಿಜಾರು ಇಡೀ ಪಥದಲ್ಲಿ ಅತ್ಯಂತ ಕಡಿದಾದ ಭಾಗಗಳಲ್ಲೊಂದು. ವಾಹನಗಳಿಲ್ಲವೆಂಬ ಧೈರ್ಯದಿಂದ ಸೈಕಲನ್ನು ಅಲ್ಲಿ ಬ್ರೇಕ್ ಹಿಡಿಯದೆ ಓಡಲು ಬಿಡಬಾರದೆಂದು ಈಗಲೇ ವಿನಂತಿಸುತ್ತೇವೆ. ವಾಹನರಹಿತ ಪಥವೆಂದರೆ ಜನರಹಿತ ಪಥವಲ್ಲ. ಎದುರಿನಿಂದ ಮಕ್ಕಳನ್ನು ಕೂರಿಸಿದ ಟ್ರೇಲರ್ ಎಳೆದುಕೊಂಡು ಏದುಸಿರು ಬಿಡುತ್ತಾ ಬರುವ ಕುಟುಂಬಗಳಿರುತ್ತವೆ, ನಡೆದು ಹೋಗುವ ವೃದ್ಧರಿರುತ್ತಾರೆ. ಕೆಳಗಿನ ಕಣಿವೆಯಲ್ಲಿ ಪಥವು ಸೇಬಿನ ತೋಟಗಳ ನಡುವೆ ಹಾದುಹೋಗುವುದರಿಂದ ರೈತರ ಟ್ರ್ಯಾಕ್ಟರುಗಳು ಅಡ್ಡ ಬರುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಕೊಯ್ಲಿನಲ್ಲಿ ಇನ್ನೂ ಹೆಚ್ಚು. ಆ ತೋಟಗಳ ದಾರಿ ಅವರದೇ, ನಾವು ಅತಿಥಿಗಳು. ಆಲ್ಪ್ಸ್ ಎಂದರೆ ಮಳೆ ಎಂದು ಭಾವಿಸುವವರಿಗೆ ಇನ್ನೊಂದು ಮಾತು: ಸುತ್ತಲಿನ ಶಿಖರಗಳೇ ಮೋಡವನ್ನು ತಡೆಯುವುದರಿಂದ ವಿನ್ಷ್‌ಗೌ ಒಣ ಕಣಿವೆ. ಅಲ್ಲಿಯ ರೈತರು ಶತಮಾನಗಳಿಂದ ವಾಲ್ ಎಂದು ಕರೆಯುವ ಸಣ್ಣ ಕಾಲುವೆಗಳಲ್ಲಿ ಹಿಮನದಿಯ ನೀರನ್ನು ಬೆಟ್ಟದ ಪಕ್ಕೆಗುಂಟ ತಂದು ಬೆಳೆ ತೆಗೆದಿದ್ದಾರೆ. ಇಂದು ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಳಿದ್ದು, ಅವುಗಳ ನೀರು ಕೆಲವೊಮ್ಮೆ ಪಥಕ್ಕೂ ಸಿಡಿದು ತಿರುವುಗಳನ್ನು ಜಾರುವಂತೆ ಮಾಡುತ್ತದೆ.

ಸ್ಟೆಲ್ವಿಯೊ ಬಗ್ಗೆ. ಕಾರ್ಲೊ ದೊನೆಗಾನಿ ಎಂಬ ಎಂಜಿನಿಯರ್ 1820ರಿಂದ 1825ರವರೆಗೆ ಆಸ್ಟ್ರಿಯದ ಚಕ್ರಾಧಿಪತ್ಯಕ್ಕಾಗಿ ಕಟ್ಟಿಸಿದ ಈ ರಸ್ತೆಯು ಪ್ರಾಡ್ ಗ್ರಾಮದಿಂದ ಸುಮಾರು 24 ಕಿಲೋಮೀಟರಿನಲ್ಲಿ, 48 ಹೇರ್‌ಪಿನ್ ತಿರುವುಗಳಲ್ಲಿ, 2,757 ಮೀಟರ್ ಎತ್ತರಕ್ಕೆ ಏರುತ್ತದೆ. ತಮ್ಮಲ್ಲಿ ಅನೇಕರು ನಮ್ಮ ಪ್ರವಾಸಕ್ಕೆ ಬರುವುದೇ ಇದಕ್ಕಾಗಿ ಎಂಬುದು ನಮಗೆ ಗೊತ್ತಿದೆ. ಇದಕ್ಕೆ ಬದಲಿ ಸೈಕಲ್ ಪಥವಿಲ್ಲ, ಬೇಸಿಗೆಯ ದಿನಗಳಲ್ಲಿ ಮೋಟಾರ್‌ಸೈಕಲ್‌ಗಳ ಸದ್ದು ಬೆಟ್ಟಕ್ಕೆ ಬೆಟ್ಟವೇ ತುಂಬಿಕೊಳ್ಳುತ್ತದೆ. ಆದರೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭದ ಒಂದು ದಿನ, ಸ್ಟೆಲ್ವಿಯೊ ರಾಷ್ಟ್ರೀಯ ಉದ್ಯಾನದ ಆಶ್ರಯದಲ್ಲಿ ಈ ರಸ್ತೆಯನ್ನು ಮೋಟಾರು ವಾಹನಗಳಿಗೆ ಮುಚ್ಚಿ ಸೈಕಲ್ ಸವಾರರಿಗೆ ಬಿಟ್ಟುಕೊಡುತ್ತಾರೆ. ಅದು ಸ್ಪರ್ಧೆಯಲ್ಲ, ಸಾವಿರಾರು ಜನ ತಮ್ಮ ತಮ್ಮ ಉಸಿರಿಗೆ ತಕ್ಕಂತೆ ಏರುತ್ತಾರೆ. ನಮ್ಮ ಪ್ರವಾಸದ ದಿನಾಂಕಗಳನ್ನು ಇನ್ನು ಮುಂದೆ ಈ ದಿನಕ್ಕೆ ಹೊಂದಿಸಿಯೇ ನಿಗದಿಪಡಿಸುತ್ತೇವೆ. ಆದ್ದರಿಂದ ದಿನಾಂಕ ಪ್ರಕಟವಾಗುವವರೆಗೆ ವಿಮಾನದ ಟಿಕೆಟ್ ಕೊಳ್ಳಬೇಡಿರಿ. ಅಂದು ಹಿಮ ಬಿದ್ದು ಘಟ್ಟ ಮುಚ್ಚಿದರೆ ಮರುದಿನ ವಾಹನಗಳ ನಡುವೆ ತಂಡವನ್ನು ಏರಿಸುವುದಿಲ್ಲ. ಈ ನಿಯಮ ಕೆಲವರಿಗೆ ಕಠಿಣವೆನಿಸಬಹುದು, ಆದರೆ ಅದನ್ನು ಸಡಿಲಿಸುವ ಉದ್ದೇಶ ನಮಗಿಲ್ಲ.

ವ್ಯಾನ್ ಇನ್ನು ಮುಂದೆ ತಂಡದ ಹಿಂದೆ ಬರುವುದಿಲ್ಲ, ಸೈಕಲ್ ಪಥದಲ್ಲಿ ಅದು ಬರಲೂ ಆಗದು. ಅದು ಬೆಳಗ್ಗೆ ತಮ್ಮ ಸಾಮಾನುಗಳನ್ನು ಒಂದು ತಂಗುದಾಣದಿಂದ ಮುಂದಿನದಕ್ಕೆ ತಲುಪಿಸಿ ಸುಮ್ಮನಾಗುತ್ತದೆ. ಇದರಿಂದ ಹನ್ನೊಂದು ಗಂಟೆಗೆ ರಸ್ತೆ ಬದಿಯಲ್ಲಿ ಸಿಗುತ್ತಿದ್ದ ಚಿತ್ರಾನ್ನದ ಡಬ್ಬಿ ನಿಂತುಹೋಗುತ್ತದೆ. ಹಲವರಿಗೆ ಈ ಪತ್ರದಲ್ಲಿ ಅತ್ಯಂತ ಬೇಸರ ತರುವ ಸುದ್ದಿ ಇದೇ ಇರಬಹುದು. ಊಟವನ್ನು ದಾರಿಯ ಊರುಗಳಲ್ಲೇ ಮಾಡಬೇಕು. ಸಸ್ಯಾಹಾರಿಗಳಿಗೆ ಚೀಸ್ ಅಥವಾ ಪಾಲಕ್ ಸೊಪ್ಪಿನ ಕ್ನೋಡೆಲ್ ಉಂಡೆಗಳು, ರೈ ಧಾನ್ಯದ ಜೋಡಿ ರೊಟ್ಟಿ, ಲಾಸ್ ಗ್ರಾಮದ ಕಡೆ ಏಪ್ರಿಕಾಟ್ ಸಿಗುತ್ತವೆ. ಕ್ನೋಡೆಲ್‌ಗಳಲ್ಲಿ ಮಾಂಸ ಬೆರೆತ ಬಗೆಯೂ ಇರುವುದರಿಂದ ಕೇಳಿಯೇ ತರಿಸಿಕೊಳ್ಳಬೇಕು. ಪಂಕ್ಚರ್ ತೆಗೆಯುವ ಸಾಮಗ್ರಿ, ಒಂದು ಹೆಚ್ಚುವರಿ ಟ್ಯೂಬ್, ತೆಳುವಾದ ಮಳೆ ಜಾಕೆಟ್ ಪ್ರತಿಯೊಬ್ಬರ ಬಳಿಯೂ ಇರಲೇಬೇಕು.

ದಣಿದವರಿಗೆ ವ್ಯಾನ್ ಇಲ್ಲದಿದ್ದರೂ ರೈಲು ಇದೆ. ಮೆರಾನ್‌ನಿಂದ ಮಾಲ್ಸ್‌ವರೆಗಿನ ಸುಮಾರು 60 ಕಿಲೋಮೀಟರಿನ ರೈಲು ಮಾರ್ಗ 1906ರಲ್ಲಿ ಆರಂಭವಾಗಿ, 1990ರಲ್ಲಿ ಮುಚ್ಚಿಹೋಗಿ, ಪ್ರಾಂತ್ಯದ ಆಡಳಿತವು ಅದನ್ನು ದುರಸ್ತಿ ಮಾಡಿಸಿದ ಮೇಲೆ 2005ರಲ್ಲಿ ಮತ್ತೆ ತೆರೆಯಿತು. ಈ ರೈಲು ಇಲ್ಲದಿದ್ದರೆ ನಮ್ಮ ಹೊಸ ಯೋಜನೆಯೇ ಸಾಧ್ಯವಾಗುತ್ತಿರಲಿಲ್ಲ. ಪಥವು ಹಲವೆಡೆ ನಿಲ್ದಾಣಗಳ ಹತ್ತಿರವೇ ಹೋಗುತ್ತದೆ, ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಸೈಕಲನ್ನು ಇನ್ನೊಂದರಲ್ಲಿ ಹಿಂದಿರುಗಿಸುವ ವ್ಯವಸ್ಥೆಯೂ ಕಣಿವೆಯಲ್ಲಿದೆ. ಸೈಕಲನ್ನು ರೈಲಿನೊಳಗೇ ಒಯ್ಯಲು ಜನಸಂದಣಿಯ ವೇಳೆಯಲ್ಲಿ ಜಾಗ ಸಿಗದಿರಬಹುದಾದ್ದರಿಂದ ಅದನ್ನು ನೆಚ್ಚಿಕೊಂಡು ನಮ್ಮ ವೇಳಾಪಟ್ಟಿ ಮಾಡಿಲ್ಲ. ತಂಡವು ಮೆರಾನ್‌ನಿಂದ ಮಾಲ್ಸ್‌ಗೆ ರೈಲಿನಲ್ಲಿ, ಅಲ್ಲಿಂದ ರೆಶನ್‌ಗೆ ಬಸ್ಸಿನಲ್ಲಿ ಹೋಗುತ್ತದೆ. ಸೈಕಲ್‌ಗಳನ್ನು ಪ್ರತ್ಯೇಕ ವಾಹನದಲ್ಲಿ ಮೊದಲೇ ಅಲ್ಲಿಗೆ ತಲುಪಿಸಿರುತ್ತೇವೆ. ನಿಲ್ದಾಣದ ಫಲಕಗಳಲ್ಲಿ ಪ್ರತಿ ಊರಿಗೂ ಜರ್ಮನ್ ಮತ್ತು ಇಟಾಲಿಯನ್ ಹೆಸರುಗಳೆರಡೂ ಇರುತ್ತವೆ: ಮಾಲ್ಸ್ ಎಂದರೆ ಮಾಲೆಸ್, ಗ್ಲುರ್ನ್ಸ್ ಎಂದರೆ ಗ್ಲೊರೆನ್ಸ.

ಸೈಕಲ್ ವಿಷಯದಲ್ಲಿ ಎರಡು ಮಾತು. ಪಥದ ಬಹುಭಾಗ ಡಾಂಬರು ಹಾಕಿದ್ದಾದರೂ ಅಲ್ಲಲ್ಲಿ ಜಲ್ಲಿ ಹಾಸಿದ ಭಾಗಗಳಿವೆ. ಹಾಗಾಗಿ 32 ಮಿಲಿಮೀಟರಿಗಿಂತ ಕಿರಿದಾದ ಟಯರಿನ ಸೈಕಲನ್ನು ಒಪ್ಪುವುದಿಲ್ಲ. ಊರಿನಿಂದ ಸ್ವಂತ ಸೈಕಲ್ ಪ್ಯಾಕ್ ಮಾಡಿ ತರುವ ಬದಲು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಉತ್ತಮವೆಂಬುದು ನಮ್ಮ ಅಭಿಪ್ರಾಯ. ಗಂಟೆಗೆ 25 ಕಿಲೋಮೀಟರಿಗೆ ಮೋಟಾರಿನ ನೆರವು ನಿಲ್ಲುವ ವಿದ್ಯುತ್ ಸೈಕಲ್‌ಗಳು ಅಲ್ಲಿ ಸಾಮಾನ್ಯ ಸೈಕಲ್ ಎಂದೇ ಪರಿಗಣಿತವಾಗುವುದರಿಂದ, ವಯಸ್ಸಾದ ಪೋಷಕರನ್ನು ಜೊತೆಗೆ ಕರೆತರಲು ಬಯಸುವವರು ಇದನ್ನು ಬಳಸಿಕೊಳ್ಳಬಹುದು. ಸುರಂಗಗಳಲ್ಲಿ ಮತ್ತು ಕತ್ತಲಾದ ಮೇಲೆ ಊರಿನ ಹೊರಗೆ ಬೆಳಕು ಪ್ರತಿಫಲಿಸುವ ಜಾಕೆಟ್ ಧರಿಸುವುದು ಕಾನೂನಿನಂತೆ ಕಡ್ಡಾಯ.

ಈ ಬದಲಾವಣೆಯಿಂದ ಕಳೆದುಕೊಳ್ಳುವುದೇನೂ ಇಲ್ಲವೆಂದು ನಾವು ಹೇಳುವುದಿಲ್ಲ. ಗುಂಪಾಗಿ, ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ವೇಗವಾಗಿ ಸಾಗುವ ಸುಖ ಇಲ್ಲಿಲ್ಲ. ಸರಾಸರಿ ವೇಗ ಖಂಡಿತವಾಗಿ ಇಳಿಯುತ್ತದೆ. ವೇಗವೇ ಮುಖ್ಯವಾಗಿರುವವರು ದಯವಿಟ್ಟು ಬೇರೆ ಪ್ರವಾಸವನ್ನು ಆರಿಸಿಕೊಳ್ಳಬೇಕು. ಇತರರಿಗೆ ಗ್ಲುರ್ನ್ಸ್‌ನ ಕೋಟೆಗೋಡೆಯೊಳಗೆ ಎರಡು ರಾತ್ರಿ ತಂಗುವ, ಲಾಸ್‌ನಲ್ಲಿ ಅಮೃತಶಿಲೆಯ ಕೆಲಸ ನೋಡುವ, ಟೋಲ್ ಬಳಿಯ ಕಡಿದಾದ ತಿರುವುಗಳನ್ನು ನಿಧಾನವಾಗಿ ಇಳಿದು ಮೆರಾನ್ ತಲುಪುವ ಸಮಯ ದೊರೆಯುತ್ತದೆ. ಕೊನೆಯ ದಿನ ಮೆರಾನ್‌ನಿಂದ ಬೋಲ್ಜಾನೊವರೆಗಿನ ಸುಮಾರು 30 ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟು. ಮಧ್ಯಾಹ್ನದೊಳಗೆ ಮುಟ್ಟಿದರೆ, 1991ರಲ್ಲಿ ಹಿಮದಲ್ಲಿ ದೊರೆತ ಓಟ್ಜಿ ಎಂಬ ಐದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯನ ದೇಹವನ್ನು ಇರಿಸಿರುವ ವಸ್ತುಸಂಗ್ರಹಾಲಯಕ್ಕೂ ಹೋಗಬಹುದು.

ಶುಲ್ಕದಲ್ಲಿ ಬದಲಾವಣೆಯಿಲ್ಲ. ವ್ಯಾನಿನ ಖರ್ಚಿನಲ್ಲಿ ಉಳಿಯುವ ಹಣವು ಸೈಕಲ್ ಬಾಡಿಗೆಗೆ ಮತ್ತು ಹೆಚ್ಚುವರಿ ತಂಗುವ ರಾತ್ರಿಗೆ ಹೋಗುತ್ತದೆ. ತಂಡದ ಗಾತ್ರವನ್ನು ಹನ್ನೆರಡರಿಂದ ಎಂಟಕ್ಕೆ ಇಳಿಸಿದ್ದೇವೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಮೊದಲ ಆದ್ಯತೆ. ಹೊಸ ವ್ಯವಸ್ಥೆ ಒಪ್ಪಿಗೆಯಾಗದವರು ಈ ಪತ್ರ ತಲುಪಿದ ಮೂವತ್ತು ದಿನಗಳೊಳಗೆ ತಿಳಿಸಿದರೆ ಮುಂಗಡವನ್ನು ಯಾವ ಕಡಿತವೂ ಇಲ್ಲದೆ ಹಿಂದಿರುಗಿಸುತ್ತೇವೆ. ಬರಲು ನಿರ್ಧರಿಸಿದವರು ತಮ್ಮ ಎತ್ತರ, ಒಳಗಾಲಿನ ಅಳತೆ ಮತ್ತು ಬಳಸುವ ಪೆಡಲಿನ ಬಗೆಯನ್ನು ಉತ್ತರದಲ್ಲಿ ಬರೆದು ಕಳುಹಿಸಬೇಕೆಂದು ಕೋರುತ್ತೇವೆ; ಬಾಡಿಗೆ ಸೈಕಲ್‌ಗಳನ್ನು ಕಾಯ್ದಿರಿಸಲು ಈ ವಿವರಗಳು ಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಪ್ರವಾಸ ವ್ಯವಸ್ಥಾಪಕರು, ಬೆಂಗಳೂರು